ರಕ್ತನಾಳ ಹೊಲಿದ ವೈದ್ಯ: ಡಾ. ಅಲೆಕ್ಸಿ ಕ್ಯಾರೆಲ್

ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1992ರಲ್ಲಿ ಪೋಪ್ ದ್ವಿತೀಯ ಜಾನ್ ಪಾಲ್ ಅವರು ಅದೇ ದಿನವನ್ನು ವಿಶ್ವ ರೋಗಿಗಳ ದಿನವೆಂದು ಗೊತ್ತುಪಡಿಸಿದರು. ಅಂದಿನಿಂದ ರೋಗಿಗಳ ಜೊತೆಗೆ ಅವರ ಶುಶ್ರೂಷೆ ಮಾಡುವ ವೈದ್ಯರು, ದಾದಿಯರು ಹಾಗೂ ಧರ್ಮಭಗಿನಿಯರಿಗಾಗಿಯೂ ಆ ದಿನ ವಿಶೇಷ ಪ್ರಾರ್ಥನೆ ಸಲ್ಲುತ್ತಿದೆ. ಈ ಸಂದರ್ಭದಲ್ಲಿ ಡಾ. ಅಲೆಕ್ಸಿ ಕ್ಯಾರೆಲ್ ಎಂಬ ಫ್ರೆಂಚ್ ಶಸ್ತ್ರವೈದ್ಯರ ಹೆಸರು ಆಗಾಗ ಕೇಳಿಬರುತ್ತದೆ. ದೇವರನ್ನು ನಂಬದ ವಿಜ್ಞಾನಿಯೊಬ್ಬರು ಲೂರ್ದಿಗೆ ಹೋದರು, ಪವಾಡವನ್ನು ಕಂಡರು, ಅಲ್ಲಿಯೇ ಮನಪರಿವರ್ತನೆ ಹೊಂದಿದರು, ಮುಂದೆ ನೊಬೆಲ್ ಪ್ರಶಸ್ತಿ ಪಡೆದರು ಎಂಬುದು ಅವರನ್ನು ಕುರಿತು ಬಾಯಿಂದ ಬಾಯಿಗೆ ಸಾಗಿಬಂದ ಕಥೆ. ಅವರು ಬಾಳಿದ ಬಾಳು ಈ ಕಥೆಗಿಂತ ದೀರ್ಘವಾದುದು, ಜಟಿಲವಾದುದು. ಅದರಲ್ಲಿ ಕೃತಜ್ಞತೆಯಿಂದ ಸ್ಮರಿಸಬೇಕಾದ ಸಾಧನೆಯೂ ಇದೆ, ನೋವಿನಿಂದ ನೆನೆಯಬೇಕಾದ ತಪ್ಪೂ ಇದೆ. ಎರಡನ್ನೂ ಅರಿತುಕೊಳ್ಳುವುದು ಸತ್ಯಕ್ಕೆ ಸಲ್ಲುವ ಗೌರವ.

ರೇಷ್ಮೆಯ ನಗರದ ಮಗ

ಕ್ಯಾರೆಲ್ ಅವರು 1873ರ ಜೂನ್ 28ರಂದು ಫ್ರಾನ್ಸಿನ ಲಿಯಾನ್ ನಗರಕ್ಕೆ ಹೊಂದಿಕೊಂಡ ಊರೊಂದರಲ್ಲಿ ಜನಿಸಿದರು. ಲಿಯಾನ್ ಶತಮಾನಗಳಿಂದ ರೇಷ್ಮೆ ನೇಯ್ಗೆಗೂ ಕಸೂತಿಗೂ ಹೆಸರಾದ ನಗರ. ಅವರ ತಂದೆಯೂ ಜವಳಿ ಉದ್ಯಮಿಯಾಗಿದ್ದರು. ಬಾಲಕನಿಗೆ ಐದು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಜ್ಞಾನಸ್ನಾನದಲ್ಲಿ ಇಟ್ಟ ಹೆಸರು ಬೇರೆಯಾಗಿದ್ದರೂ, ತಂದೆಯ ನೆನಪಿಗಾಗಿ ಅವರ ಹೆಸರಾದ ಅಲೆಕ್ಸಿ ಎಂಬುದನ್ನೇ ಮಗ ತನ್ನದಾಗಿಸಿಕೊಂಡನು. ಭಕ್ತೆಯಾಗಿದ್ದ ತಾಯಿ ಮಕ್ಕಳನ್ನು ಕಷ್ಟಪಟ್ಟು ಸಾಕಿದರು. ಅಲೆಕ್ಸಿಯ ವಿದ್ಯಾಭ್ಯಾಸ ಯೇಸುಸಭೆಯ ಗುರುಗಳ ಶಾಲೆಯಲ್ಲಿ ನಡೆಯಿತು.

ವೈದ್ಯಕೀಯ ವ್ಯಾಸಂಗಕ್ಕೆ ಸೇರಿದ ಮೇಲೆ ಬಾಲ್ಯದ ಭಕ್ತಿ ಮೆಲ್ಲಮೆಲ್ಲನೆ ಕುಂದಿತು. ಕಣ್ಣಿಗೆ ಕಂಡದ್ದು, ಅಳತೆಗೆ ಸಿಕ್ಕಿದ್ದು ಮಾತ್ರವೇ ಸತ್ಯವೆಂಬ ಮನೋಭಾವ ಆ ಕಾಲದ ಫ್ರೆಂಚ್ ವೈದ್ಯಶಾಲೆಗಳಲ್ಲಿ ಬಲವಾಗಿ ಬೇರೂರಿತ್ತು. ತರುಣ ಕ್ಯಾರೆಲ್ ಕೂಡ ಆ ಗಾಳಿಯಲ್ಲಿಯೇ ಬೆಳೆದರು. ರೋನ್ ನದಿಯ ದಡದಲ್ಲಿದ್ದ ಹಳೆಯ ಆಸ್ಪತ್ರೆ ಹೋಟೆಲ್-ದ್ಯೂ ಸೇರಿದಂತೆ ಲಿಯಾನಿನ ಆಸ್ಪತ್ರೆಗಳು ಅವರ ಕರ್ಮಭೂಮಿಯಾದವು. ಹೋಟೆಲ್-ದ್ಯೂ ಎಂದರೆ ದೇವರ ಮನೆ ಎಂದರ್ಥ. ಮಧ್ಯಯುಗದಲ್ಲಿ ಬಡವರಿಗೂ ದಾರಿಹೋಕರಿಗೂ ಆಸರೆಯಾಗಿ ಹುಟ್ಟಿದ ಧರ್ಮಸಂಸ್ಥೆಯದು. ರಾಜಧಾನಿ ಪ್ಯಾರಿಸ್ಸಿನಿಂದ ದೂರದಲ್ಲಿದ್ದ ಈ ಪ್ರಾಂತೀಯ ನಗರದ ಆಸ್ಪತ್ರೆಗಳಿಂದಲೇ ಆಧುನಿಕ ರಕ್ತನಾಳ ಶಸ್ತ್ರಚಿಕಿತ್ಸೆ ಬೆಳೆದುಬಂದುದು ಗಮನಾರ್ಹ.

ರಾಷ್ಟ್ರಾಧ್ಯಕ್ಷರ ಮರಣ

1894ರ ಜೂನ್ 24ರಂದು ಫ್ರಾನ್ಸಿನ ರಾಷ್ಟ್ರಾಧ್ಯಕ್ಷ ಸಾದಿ ಕಾರ್ನೊ ಅವರು ವಸ್ತುಪ್ರದರ್ಶನದ ನಿಮಿತ್ತ ಲಿಯಾನಿಗೆ ಬಂದಿದ್ದರು. ಸಂಜೆ ತೆರೆದ ಗಾಡಿಯಲ್ಲಿ ಸಾಗುತ್ತಿದ್ದಾಗ ಇಟಲಿಯ ಅರಾಜಕತಾವಾದಿ ಯುವಕನೊಬ್ಬನು ಅವರ ಹೊಟ್ಟೆಗೆ ಚೂರಿ ಹಾಕಿದನು. ಕರುಳಿನಿಂದ ಯಕೃತ್ತಿಗೆ ರಕ್ತವನ್ನು ಒಯ್ಯುವ ದೊಡ್ಡ ಸಿರೆ ಸೀಳಿಹೋಯಿತು. ನಗರದ ಹೆಸರಾಂತ ಶಸ್ತ್ರವೈದ್ಯರೆಲ್ಲ ಧಾವಿಸಿ ಬಂದರೂ ರಕ್ತಸ್ರಾವವನ್ನು ನಿಲ್ಲಿಸಲಾಗಲಿಲ್ಲ. ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿನಲ್ಲಿಯೇ ರಾಷ್ಟ್ರಾಧ್ಯಕ್ಷರು ಕೊನೆಯುಸಿರೆಳೆದರು.

ಅಂದಿನ ವೈದ್ಯರಿಗೆ ತುಂಡಾದ ರಕ್ತನಾಳವನ್ನು ದಾರದಿಂದ ಬಿಗಿದು ಕಟ್ಟುವ ವಿದ್ಯೆ ತಿಳಿದಿತ್ತು. 16ನೆಯ ಶತಮಾನದಲ್ಲಿ ಆಂಬ್ರುವಾಸ್ ಪಾರೆ ಎಂಬ ಫ್ರೆಂಚ್ ಶಸ್ತ್ರವೈದ್ಯರು ಬಳಕೆಗೆ ತಂದ ಕ್ರಮವದು. ಕಟ್ಟಿದರೆ ರಕ್ತಸ್ರಾವವೇನೋ ನಿಲ್ಲುತ್ತದೆ. ಆದರೆ ಆ ನಾಳವನ್ನೇ ನಂಬಿದ ಅವಯವಕ್ಕೆ ರಕ್ತ ಹರಿಯುವುದೂ ನಿಂತುಹೋಗುತ್ತದೆ. ಕಾಲಿನ ಮುಖ್ಯ ಧಮನಿಯನ್ನು ಕಟ್ಟಿದರೆ ಎಷ್ಟೋ ಸಲ ಕಾಲು ಕೊಳೆತು, ಅದನ್ನು ಕತ್ತರಿಸಬೇಕಾಗುತ್ತಿತ್ತು. ಕೆಲವು ನಾಳಗಳನ್ನಂತೂ ಕಟ್ಟುವಂತೆಯೇ ಇರಲಿಲ್ಲ. ಆಗ 21 ವರ್ಷದ ವಿದ್ಯಾರ್ಥಿಯಾಗಿದ್ದ ಕ್ಯಾರೆಲ್ ಅವರು, ರಕ್ತನಾಳವನ್ನು ಹೊಲಿಯುವ ಕ್ರಮವೊಂದಿದ್ದರೆ ರಾಷ್ಟ್ರಾಧ್ಯಕ್ಷರನ್ನು ಉಳಿಸಬಹುದಿತ್ತೆಂದು ವಾದಿಸಿದರು. ಹಿರಿಯರು ಇದನ್ನು ತಾರುಣ್ಯದ ದುಡುಕೆಂದು ಭಾವಿಸಿದರು. ಕ್ಯಾರೆಲ್ ಆ ವಿಚಾರವನ್ನು ಕೈಬಿಡಲಿಲ್ಲ.

ಕಸೂತಿಗಾರ್ತಿಯಿಂದ ಪಾಠ

ರಕ್ತನಾಳವನ್ನು ಹೊಲಿಯುವ ಯತ್ನ ಅದುವರೆಗೆ ನಡೆದಿರಲಿಲ್ಲವೆಂದಲ್ಲ. ಲಿಯಾನಿನಲ್ಲಿಯೇ ಡಾ. ಮಾಥ್ಯೂ ಜಬುಲೆ ಅವರೂ, ಅಮೆರಿಕದ ಶಿಕಾಗೋದಲ್ಲಿ ಡಾ. ಜಾನ್ ಮರ್ಫಿ ಅವರೂ 1890ರ ದಶಕದಲ್ಲಿ ಪ್ರಯೋಗಗಳನ್ನು ನಡೆಸಿದ್ದರು. ಆದರೆ ಹೊಲಿದ ಜಾಗ ಕಿರಿದಾಗುವುದು, ಒಳಗೆ ರಕ್ತ ಹೆಪ್ಪುಗಟ್ಟುವುದು, ಸೋಂಕು ತಗಲುವುದು ಈ ಮೂರು ತೊಡಕುಗಳು ಮತ್ತೆ ಮತ್ತೆ ಕಾಡುತ್ತಿದ್ದವು. ದಪ್ಪ ಸೂಜಿ, ಒರಟು ದಾರಗಳಿಂದ ನಾಳದ ನುಣುಪಾದ ಒಳಪದರ ಗಾಯಗೊಳ್ಳುತ್ತಿತ್ತು. ರಕ್ತ ಹೆಪ್ಪುಗಟ್ಟಲು ಅಷ್ಟೇ ಸಾಕು.

ಕ್ಯಾರೆಲ್ ಅವರು ಇದಕ್ಕೆ ಪರಿಹಾರವನ್ನು ಹುಡುಕಿದ್ದು ಸ್ವಂತ ಊರಿನ ಕುಶಲಕರ್ಮಿಗಳ ಬಳಿ. ಮದಾಂ ಲೆರುದಿಯೆ ಎಂಬ ಕಸೂತಿಗಾರ್ತಿಯ ಹತ್ತಿರ ಅವರು ಅತಿ ಸಣ್ಣ ಸೂಜಿಯನ್ನು ಹಿಡಿಯುವ ಬಗೆ, ಹೊಲಿಗೆಯ ಗುರುತು ಕಾಣದಂತೆ ಅಂಚುಗಳನ್ನು ಕೂಡಿಸುವ ಬಗೆಯನ್ನು ಕಲಿತರು. ವೈದ್ಯನೊಬ್ಬನು ಕಸೂತಿಯವಳ ಮುಂದೆ ಶಿಷ್ಯನಾಗಿ ಕುಳಿತದ್ದು ಅಂದಿನ ದಿನಗಳಲ್ಲಿ ಸಣ್ಣ ಸಂಗತಿಯೇನಲ್ಲ.

ಹೀಗೆ ರೂಪುಗೊಂಡ ಕ್ರಮವನ್ನು ಅವರು 1902ರಲ್ಲಿ ಲಿಯಾನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ತಿರುಳು ಸರಳವಾದುದು. ತುಂಡಾದ ರಕ್ತನಾಳದ ಬಾಯಿ ದುಂಡಗಿರುತ್ತದೆ. ಮೆತ್ತಗಿನ ದುಂಡು ಅಂಚನ್ನು ಹೊಲಿಯುವುದು ಕಷ್ಟ. ಆದುದರಿಂದ ಎರಡು ತುದಿಗಳನ್ನೂ ಸಮದೂರದ ಮೂರು ಕಡೆ ಒಂದೊಂದು ಹೊಲಿಗೆ ಹಾಕಿ ಕೂಡಿಸಬೇಕು. ಆ ಮೂರು ದಾರಗಳನ್ನು ಹೊರಕ್ಕೆ ಎಳೆದು ಹಿಡಿದರೆ ದುಂಡು ಬಾಯಿ ತ್ರಿಕೋನವಾಗುತ್ತದೆ, ಅಂಚುಗಳು ನೆಟ್ಟಗಾಗುತ್ತವೆ. ಆಗ ಒಂದೊಂದು ಬದಿಯನ್ನೂ ಬಟ್ಟೆಯ ಅಂಚಿನಂತೆ ಹೊಲಿಯುತ್ತ ಹೋಗಬಹುದು. ಎದುರಿನ ಬದಿಗೆ ಸೂಜಿ ತಾಗುವ ಭಯವಿಲ್ಲ, ನಾಳವೂ ಕಿರಿದಾಗುವುದಿಲ್ಲ. ಬಹು ತೆಳುವಾದ ರೇಷ್ಮೆ ದಾರಕ್ಕೆ ವ್ಯಾಸಲೀನ್ ಸವರಿದ್ದರಿಂದ ಅದು ನಾಳವನ್ನು ಸವೆಸದೆ ಜಾರುತ್ತಿತ್ತು. ಇದರೊಂದಿಗೆ ಅತ್ಯಂತ ಕಟ್ಟುನಿಟ್ಟಿನ ಶುಚಿತ್ವವನ್ನೂ ಅವರು ಪಾಲಿಸಿದರು.

ಲೂರ್ದಿಗೆ ಹೊರಟ ರೈಲು

ಅದೇ 1902ರ ಮೇ ತಿಂಗಳಲ್ಲಿ ರೋಗಿಗಳನ್ನು ಲೂರ್ದಿಗೆ ಕರೆದೊಯ್ಯುವ ರೈಲಿನಲ್ಲಿ ವೈದ್ಯರಾಗಿ ಹೋಗಬೇಕಾಗಿದ್ದ ಗೆಳೆಯರೊಬ್ಬರ ಬದಲಿಗೆ ಕ್ಯಾರೆಲ್ ಹೊರಟರು. ಅಲ್ಲಿ ನಡೆಯುತ್ತದೆನ್ನುವ ಗುಣಗಳನ್ನು ಸ್ವತಃ ಪರೀಕ್ಷಿಸಬೇಕೆಂಬ ಕುತೂಹಲ ಅವರಿಗಿತ್ತು. ಆ ರೈಲಿನಲ್ಲಿ ಮರೀ ಬಾಯಿ ಎಂಬ ಯುವತಿ ಇದ್ದಳು. ಹೊಟ್ಟೆಯ ಒಳಪೊರೆಗೆ ಕ್ಷಯ ತಗಲಿ ಅವಳ ಹೊಟ್ಟೆ ಊದಿಕೊಂಡಿತ್ತು. ಪ್ರಯಾಣದ ನಡುವೆ ಪ್ರಜ್ಞೆ ತಪ್ಪುತ್ತಿದ್ದ ಅವಳಿಗೆ ಕ್ಯಾರೆಲ್ ನೋವುನಿವಾರಕ ಔಷಧಿ ಕೊಟ್ಟರು. ಅವಳು ಬದುಕಿ ಹಿಂತಿರುಗುವಳೆಂಬ ಆಸೆ ಅವರಿಗಿರಲಿಲ್ಲ.

ಮೇ 28ರಂದು ಅವಳನ್ನು ಸ್ನಾನದ ಕೊಳಗಳ ಬಳಿಗೆ ಒಯ್ದರು. ನೀರಿನಲ್ಲಿ ಇಳಿಸಲಾಗದಷ್ಟು ನಿತ್ರಾಣಳಾಗಿದ್ದುದರಿಂದ ಹೊಟ್ಟೆಯ ಮೇಲೆ ನೀರು ಸುರಿದರು. ಅನಂತರ ಗವಿಯ ಮುಂದೆ ಮಲಗಿಸಿದ್ದಾಗ ಅವಳ ಮುಖದ ಬಣ್ಣ ತಿಳಿಯಾಗುತ್ತ, ಊದಿದ ಹೊಟ್ಟೆ ಇಳಿಯುತ್ತ ಬಂದುದನ್ನು ಕ್ಯಾರೆಲ್ ಪಕ್ಕದಲ್ಲಿಯೇ ನಿಂತು ನೋಡಿದರು, ಗುರುತು ಹಾಕಿಕೊಂಡರು. ಸಂಜೆಯ ವೇಳೆಗೆ ಅವಳು ಎದ್ದು ಕುಳಿತು ಮಾತನಾಡುತ್ತಿದ್ದಳು. ಮುಂದೆ ಸಂತ ವಿನ್ಸೆಂಟ್ ದೆ ಪಾವ್ಲರ ಪ್ರೇಮಭಗಿನಿಯರ ಮಠವನ್ನು ಸೇರಿ 1937ರವರೆಗೂ ಬಾಳಿದಳು.

ಕ್ಯಾರೆಲ್ ಅಲ್ಲಿಯೇ ಮಂಡಿಯೂರಿ ವಿಶ್ವಾಸಿಯಾದರೆಂಬುದು ಸರಿಯಲ್ಲ. ಕಣ್ಣಾರೆ ಕಂಡುದನ್ನು ಅಲ್ಲಗಳೆಯಲು ಅವರಿಗೆ ಆಗಲಿಲ್ಲ. ಅದನ್ನು ವಿವರಿಸಲೂ ಆಗಲಿಲ್ಲ. ಸುದ್ದಿ ಲಿಯಾನಿಗೆ ಮುಟ್ಟಿದಾಗ ಅವರು ಎರಡು ಪಕ್ಷಗಳನ್ನೂ ಟೀಕಿಸಿದರು. ಪರೀಕ್ಷೆಯಿಲ್ಲದೆ ಎಲ್ಲವನ್ನೂ ಪವಾಡವೆನ್ನುವ ಭಕ್ತರನ್ನೂ, ನೋಡಲೂ ಒಪ್ಪದೆ ಎಲ್ಲವನ್ನೂ ಮೋಸವೆನ್ನುವ ವೈದ್ಯರನ್ನೂ ಅವರು ಮೆಚ್ಚಲಿಲ್ಲ. ಇದರಿಂದ ಎರಡು ಕಡೆಯವರಿಗೂ ಬೇಡವಾದರು. ಪ್ರಾಧ್ಯಾಪಕ ವೃತ್ತಿಗೆ ಬೇಕಾದ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಮೊದಲೇ ಸೋಲು ಕಂಡಿದ್ದ ಅವರಿಗೆ ಲಿಯಾನಿನ ವೈದ್ಯ ವಲಯದಲ್ಲಿ ಮುಂದಿನ ದಾರಿ ಮುಚ್ಚಿದಂತಾಯಿತು.

ಧರ್ಮಸಭೆಯ ಎಚ್ಚರಿಕೆಯೂ ಇಲ್ಲಿ ಗಮನಿಸತಕ್ಕದ್ದು. ಮರೀ ಬಾಯಿಯ ಗುಣವನ್ನು ಅಧಿಕೃತ ಪವಾಡವೆಂದು ಧರ್ಮಸಭೆ ಇಂದಿಗೂ ಘೋಷಿಸಿಲ್ಲ. ರೋಗಕ್ಕೆ ಮಾನಸಿಕ ಮೂಲವಿದ್ದಿರಬಹುದೇ ಎಂಬುದನ್ನು ಅಂದಿನ ವೈದ್ಯರು ಸಾಕಷ್ಟು ಪರಿಶೀಲಿಸಿರಲಿಲ್ಲವೆಂಬ ಕಾರಣದಿಂದ 1964ರಲ್ಲಿ ಲೂರ್ದಿನ ಅಂತಾರಾಷ್ಟ್ರೀಯ ವೈದ್ಯಕೀಯ ಸಮಿತಿ ಅದನ್ನು ಮುಂದುವರಿಸಲಿಲ್ಲ. ಲೂರ್ದಿನಲ್ಲಿ ದಾಖಲಾದ ಗುಣಗಳು 7,000ಕ್ಕೂ ಹೆಚ್ಚು; ಪವಾಡವೆಂದು ಸ್ವೀಕೃತವಾದವು ಸುಮಾರು 70 ಮಾತ್ರ. ವಿಶ್ವಾಸ ಪರೀಕ್ಷೆಗೆ ಹೆದರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಡಲಾಚೆಯ ಕೀರ್ತಿ

1904ರಲ್ಲಿ ಕ್ಯಾರೆಲ್ ತಾಯ್ನಾಡನ್ನು ಬಿಟ್ಟು ಕೆನಡಾಕ್ಕೆ, ಅಲ್ಲಿಂದ ಶಿಕಾಗೋ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಚಾರ್ಲ್ಸ್ ಗಥ್ರಿ ಎಂಬ ವಿಜ್ಞಾನಿಯ ಜೊತೆಗೂಡಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಧಮನಿಯ ಜಾಗದಲ್ಲಿ ಸಿರೆಯ ತುಂಡನ್ನು ಹೊಲಿದು ರಕ್ತ ಹರಿಯುವಂತೆ ಮಾಡಿದರು. ಮೂತ್ರಪಿಂಡವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕಸಿ ಮಾಡಿದರು. ಈ ಕೀರ್ತಿಯಲ್ಲಿ ಗಥ್ರಿಯವರಿಗೂ ದೊಡ್ಡ ಪಾಲಿದೆ. 1906ರಲ್ಲಿ ಕ್ಯಾರೆಲ್ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯನ್ನು ಸೇರಿದರು.

1908ರಲ್ಲಿ ಒಂದು ರಾತ್ರಿ ನ್ಯೂಯಾರ್ಕಿನ ಶಸ್ತ್ರವೈದ್ಯರೊಬ್ಬರ ನವಜಾತ ಹೆಣ್ಣುಮಗು ನಿಲ್ಲದ ರಕ್ತಸ್ರಾವದಿಂದ ಸಾವಿನಂಚಿಗೆ ಬಂದಿತ್ತು. ಕ್ಯಾರೆಲ್ ಅವರನ್ನು ಕರೆಸಿದರು. ಅವರು ತಂದೆಯ ಮಣಿಕಟ್ಟಿನ ಧಮನಿಯನ್ನು ಮಗುವಿನ ಕಾಲಿನ ಸಿರೆಗೆ ನೇರವಾಗಿ ಹೊಲಿದು ಕೂಡಿಸಿದರು. ತಂದೆಯ ರಕ್ತ ಮಗಳ ಮೈಗೆ ಹರಿಯಿತು. ಬಿಳಿಚಿದ ಮಗು ಕೆಂಪೇರಿ ಬದುಕಿಕೊಂಡಿತು. ರಕ್ತವನ್ನು ಬಾಟಲಿಗಳಲ್ಲಿ ಕೂಡಿಡುವ ವಿಧಾನ ಅಂದು ಇರಲಿಲ್ಲವೆಂಬುದನ್ನು ನೆನೆದರೆ ಆ ಸೂಕ್ಷ್ಮ ಹೊಲಿಗೆಯ ಬೆಲೆ ತಿಳಿಯುತ್ತದೆ.

ರಕ್ತನಾಳಗಳ ಹೊಲಿಗೆ ಮತ್ತು ಅವಯವಗಳ ಕಸಿಯನ್ನು ಕುರಿತ ಕಾರ್ಯಕ್ಕಾಗಿ 1912ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಕ್ಯಾರೆಲ್ ಅವರಿಗೆ ಸಂದಿತು. ಆಗ ಅವರಿಗೆ 39 ವರ್ಷ. ಮರುವರ್ಷ ಅವರು, ಲೂರ್ದಿನಲ್ಲಿ ಪರಿಚಯವಾಗಿದ್ದ ಭಕ್ತೆಯಾದ ವಿಧವೆ ಆನ್ ದೆ ಲಾ ಮೇರಿ ಅವರನ್ನು ವಿವಾಹವಾದರು.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಅವರು ಫ್ರಾನ್ಸಿನ ಸೇನೆಯ ವೈದ್ಯರಾಗಿ ಕೊಂಪಿಯೇನ್ ಎಂಬಲ್ಲಿ ರಣರಂಗದ ಸಮೀಪವೇ ಆಸ್ಪತ್ರೆಯನ್ನು ನಡೆಸಿದರು. ಪತ್ನಿಯೂ ದಾದಿಯಾಗಿ ದುಡಿದರು. ಪೆನ್ಸಿಲಿನ್ ಇನ್ನೂ ದೊರೆಯದಿದ್ದ ಆ ಕಾಲದಲ್ಲಿ ಗಾಯ ಕೀವುಗಟ್ಟಿ ಸಾಯುತ್ತಿದ್ದ ಸೈನಿಕರಿಗೆ ಲೆಕ್ಕವಿರಲಿಲ್ಲ. ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಹೆನ್ರಿ ಡೇಕಿನ್ ಅವರ ನೆರವಿನಿಂದ, ಶೇಕಡಾ 0.5ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವ ದ್ರಾವಣವನ್ನು ರಬ್ಬರ್ ಕೊಳವೆಗಳ ಮೂಲಕ ಗಾಯದ ಆಳಕ್ಕೆ ನಿಯತವಾಗಿ ಹಾಯಿಸುವ ಕ್ರಮವನ್ನು ಅವರು ರೂಢಿಗೆ ತಂದರು. ಕ್ಯಾರೆಲ್-ಡೇಕಿನ್ ವಿಧಾನವೆಂದು ಹೆಸರಾದ ಈ ಕ್ರಮದಿಂದ ಎಷ್ಟೋ ಸೈನಿಕರ ಕೈಕಾಲುಗಳು ಉಳಿದವು.

ಕವಿದ ಕತ್ತಲೆ

ಕ್ಯಾರೆಲ್ ಅವರ ಜೀವನ ಇಲ್ಲಿಗೇ ನಿಂತಿದ್ದರೆ ಅದು ಬರಿಯ ಆದರ್ಶದ ಕಥೆಯಾಗುತ್ತಿತ್ತು. 1935ರಲ್ಲಿ ಅವರು ಮನುಷ್ಯನನ್ನು ಕುರಿತು ಬರೆದ ಗ್ರಂಥ ಪ್ರಕಟವಾಗಿ ಹಲವು ಭಾಷೆಗಳಿಗೆ ಅನುವಾದಗೊಂಡು ಅಪಾರವಾಗಿ ಮಾರಾಟವಾಯಿತು. ಮನುಷ್ಯ ಕೇವಲ ಯಂತ್ರವಲ್ಲ, ಅವನಿಗೆ ಪ್ರಾರ್ಥನೆಯೂ ಬೇಕು, ಆತ್ಮದ ಪೋಷಣೆಯೂ ಬೇಕು ಎಂಬ ಅದರ ವಿಚಾರಗಳು ಅನೇಕ ಕ್ರೈಸ್ತರಿಗೆ ಮೆಚ್ಚಿಗೆಯಾದವು. ಅದೇ ಗ್ರಂಥದಲ್ಲಿ ಇನ್ನೊಂದು ಮಾತೂ ಇತ್ತು. ಮಾನವ ಕುಲವನ್ನು ಉತ್ತಮಗೊಳಿಸಲು ಬಲಿಷ್ಠರನ್ನು ಬೆಳೆಸಬೇಕು, ದುರ್ಬಲರು ಹೆಚ್ಚದಂತೆ ನೋಡಿಕೊಳ್ಳಬೇಕು ಎಂದು ಅವರು ವಾದಿಸಿದರು. ಘೋರ ಅಪರಾಧಿಗಳನ್ನೂ ಅಪರಾಧ ಮಾಡಿದ ಬುದ್ಧಿಭ್ರಮಣೆಯವರನ್ನೂ ಅನಿಲದಿಂದ ನೋವಿಲ್ಲದೆ ಕೊನೆಗಾಣಿಸಬಹುದೆಂದು ಸೂಚಿಸಿದರು. ಮರುವರ್ಷ ಹೊರಬಂದ ಜರ್ಮನ್ ಆವೃತ್ತಿಯ ಮುನ್ನುಡಿಯಲ್ಲಿ ಈ ದಿಕ್ಕಿನಲ್ಲಿ ಹಿಟ್ಲರನ ಸರ್ಕಾರ ಕೈಗೊಂಡ ಕ್ರಮಗಳನ್ನು ಶ್ಲಾಘಿಸಿದರು.

ಕಾಲದ ಪ್ರಭಾವವೆಂದು ಇದನ್ನು ತೇಲಿಸಿಬಿಡುವುದು ಸಾಧ್ಯವಿಲ್ಲ. ಇಂಥ ವಿಚಾರಗಳು ಅಂದು ಅನೇಕ ವಿದ್ಯಾವಂತರಲ್ಲಿ ಹಬ್ಬಿದ್ದುದು ನಿಜವಾದರೂ, ಪೋಪ್ 11ನೆಯ ಪಯಸ್ ಅವರು 1930ರ ಡಿಸೆಂಬರಿನಲ್ಲಿಯೇ ವಿವಾಹವನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ, ವಂಶಶುದ್ಧಿಯ ಹೆಸರಿನಲ್ಲಿ ನಿರಪರಾಧಿಗಳ ದೇಹಕ್ಕೆ ಕೈಹಚ್ಚುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲವೆಂದು ಸ್ಪಷ್ಟಪಡಿಸಿದ್ದರು. ಯೇಸುಸಭೆಯ ಶಾಲೆಯಲ್ಲಿ ಕಲಿತ ಕ್ಯಾರೆಲ್ ಅವರಿಗೆ ಆ ಬೋಧನೆ ನಿಲುಕದ್ದೇನೂ ಆಗಿರಲಿಲ್ಲ. 1940ರಿಂದ ಜರ್ಮನಿಯಲ್ಲಿ ಸಾವಿರಾರು ಅಂಗವಿಕಲರನ್ನೂ ಮಾನಸಿಕ ರೋಗಿಗಳನ್ನೂ ಅನಿಲದಿಂದಲೇ ಕೊಂದರು. ಅಲ್ಲಿನ ಮ್ಯೂನ್‌ಸ್ಟರಿನ ಧರ್ಮಾಧ್ಯಕ್ಷ ಕ್ಲೆಮೆನ್ಸ್ ಫಾನ್ ಗಾಲೆನ್ ಅವರು 1941ರ ಆಗಸ್ಟಿನಲ್ಲಿ ಪ್ರಾಣಭಯವನ್ನು ತೊರೆದು ಪ್ರವಚನ ಪೀಠದಿಂದಲೇ ಇದನ್ನು ಖಂಡಿಸಿದರು. ಅದೇ ವರ್ಷ ಕ್ಯಾರೆಲ್ ಅವರು, ಜರ್ಮನಿಗೆ ಶರಣಾಗಿದ್ದ ಫ್ರಾನ್ಸಿನ ವಿಶಿ ಸರ್ಕಾರದ ಆಶ್ರಯದಲ್ಲಿ ಮಾನವ ಸಮಸ್ಯೆಗಳ ಅಧ್ಯಯನ ಸಂಸ್ಥೆಯೊಂದರ ಮುಖ್ಯಸ್ಥರಾದರು. ಇಬ್ಬರೂ ಒಂದೇ ವಿಶ್ವಾಸದ ಮಡಿಲಲ್ಲಿ ಬೆಳೆದವರು. ದುರ್ಬಲನ ಪ್ರಾಣದ ಬೆಲೆ ಎಷ್ಟು ಎಂಬ ಪ್ರಶ್ನೆ ಬಂದಾಗ ಒಬ್ಬರು ಗೆದ್ದರು, ಇನ್ನೊಬ್ಬರು ಸೋತರು.

ಕೊನೆಯ ದಿನಗಳು

ಕ್ಯಾರೆಲ್ ದಂಪತಿಗಳಿಗೆ ಬ್ರಿಟನಿ ಕರಾವಳಿಯಾಚೆ ಸಾಂ-ಜಿಲ್ದಾ ಎಂಬ ಪುಟ್ಟ ದ್ವೀಪದಲ್ಲಿ ಮನೆಯಿತ್ತು. ಆ ಸೀಮೆಯ ಮಠವಾಸಿ ಗುರು ಅಲೆಕ್ಸಿ ಪ್ರೆಸ್ ಅವರೊಡನೆ 1930ರ ದಶಕದ ಕೊನೆಗೆ ಬೆಳೆದ ಸ್ನೇಹ, ಬಾಲ್ಯದ ವಿಶ್ವಾಸದೆಡೆಗೆ ಅವರನ್ನು ನಿಧಾನವಾಗಿ ಮರಳಿಸಿತು. ಲೂರ್ದಿನ ಆ ದಿನದಿಂದ ಇಲ್ಲಿಗೆ ಬರಲು ಅವರಿಗೆ ಸುಮಾರು ನಾಲ್ಕು ದಶಕಗಳು ಹಿಡಿದವು. 1944ರ ಆಗಸ್ಟಿನಲ್ಲಿ ಪ್ಯಾರಿಸ್ ಬಿಡುಗಡೆಗೊಂಡಾಗ ಶತ್ರುಗಳೊಡನೆ ಸಹಕರಿಸಿದರೆಂಬ ಆಪಾದನೆಗೆ ಒಳಗಾಗಿ ಸ್ಥಾನ ಕಳೆದುಕೊಂಡರು. ಹೃದ್ರೋಗದಿಂದ ಬಳಲುತ್ತಿದ್ದ ಅವರು ವಿಚಾರಣೆ ನಡೆಯುವ ಮೊದಲೇ, ಧರ್ಮಸಭೆಯ ಅಂತ್ಯ ಸಂಸ್ಕಾರಗಳನ್ನು ಸ್ವೀಕರಿಸಿ, ನವೆಂಬರ್ 5ರಂದು ಪ್ಯಾರಿಸ್ಸಿನಲ್ಲಿ ನಿಧನರಾದರು. ಅವರ ಸಮಾಧಿ ಸಾಂ-ಜಿಲ್ದಾ ದ್ವೀಪದಲ್ಲಿದೆ. ಲೂರ್ದಿನ ಅನುಭವವನ್ನು ಅವರು ಕಥಾರೂಪದಲ್ಲಿ ಬರೆದಿಟ್ಟಿದ್ದರು. ಅದು ಪ್ರಕಟವಾದುದು 1949ರಲ್ಲಿ. ಲಿಯಾನಿನ ವೈದ್ಯಕೀಯ ವಿಭಾಗವೊಂದಕ್ಕೆ ಇಟ್ಟಿದ್ದ ಅವರ ಹೆಸರನ್ನು 1996ರಲ್ಲಿ ತೆಗೆದುಹಾಕಿದರು.

ಉಳಿದ ಹೊಲಿಗೆ

ಆದರೆ ಅವರ ಹೊಲಿಗೆ ಉಳಿಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿ, ನಾಳಗಳ ಎಕ್ಸ್-ರೇ ಚಿತ್ರ, ಸೋಂಕುನಾಶಕಗಳು ಕೈಗೆ ಬಂದ ಮೇಲೆ ಅದು ರೋಗಿಗಳ ಪಾಲಿಗೆ ಪೂರ್ಣವಾಗಿ ಫಲಿಸಿತು. 1948ರಲ್ಲಿ ಪ್ಯಾರಿಸ್ಸಿನ ಡಾ. ಜಾಂ ಕುನ್ಲಿನ್ ಅವರು ಕಾಲಿನ ಮುಚ್ಚಿಹೋದ ಧಮನಿಯನ್ನು ಬಳಸಿಹೋಗುವಂತೆ ರೋಗಿಯ ಸ್ವಂತ ಸಿರೆಯನ್ನೇ ಹೊಲಿದು ಕಾಲನ್ನು ಉಳಿಸಿದರು. 1951ರಲ್ಲಿ ಡಾ. ಶಾರ್ಲ್ ದುಬೊ ಅವರು ಹೊಟ್ಟೆಯಲ್ಲಿ ಬಲೂನಿನಂತೆ ಉಬ್ಬಿದ ಮಹಾಧಮನಿಯ ಭಾಗವನ್ನು ತೆಗೆದು ಬೇರೆ ನಾಳವನ್ನು ಜೋಡಿಸಿದರು. 1954ರ ಡಿಸೆಂಬರಿನಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರಿ ಅವರು ಅವಳಿ ಸೋದರರ ನಡುವೆ ಮೂತ್ರಪಿಂಡದ ಕಸಿಯನ್ನು ಯಶಸ್ವಿಯಾಗಿ ನಡೆಸಿದರು. ಕಥೋಲಿಕರಾದ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಇಂದು ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈಯಲ್ಲಿ ಧಮನಿಯನ್ನು ಸಿರೆಗೆ ಕೂಡಿಸುವ ಶಸ್ತ್ರಚಿಕಿತ್ಸೆಗೂ, ಹೃದಯದ ಬೈಪಾಸ್‌ಗೂ, ಸಕ್ಕರೆ ಕಾಯಿಲೆಯಿಂದ ನಾಳ ಕಟ್ಟಿದ ಕಾಲನ್ನು ಉಳಿಸುವ ಬೈಪಾಸ್‌ಗೂ ತಳಹದಿ ಕ್ಯಾರೆಲ್ ಅವರು ಲಿಯಾನಿನಲ್ಲಿ ಕಲಿತ ಆ ಹೊಲಿಗೆಯೇ. ಹಾಗೆ ಉಳಿದವರಲ್ಲಿ ಬಲಿಷ್ಠರಿಗಿಂತ ದುರ್ಬಲರೇ ಹೆಚ್ಚು: ವೃದ್ಧರು, ದೀರ್ಘ ರೋಗಿಗಳು, ದುಡಿಯಲಾಗದೆ ಮನೆಯವರನ್ನು ಆಶ್ರಯಿಸಿದವರು. ಯಾರ ಪ್ರಾಣಕ್ಕೆ ಬೆಲೆ ಕಡಿಮೆಯೆಂದು ಕ್ಯಾರೆಲ್ ಎಣಿಸಿದರೋ ಅಂಥವರನ್ನೇ ಅವರ ವಿದ್ಯೆ ಇಂದು ಕಾಪಾಡುತ್ತಿದೆ.

ಕೈಗೆ ದೊರೆತ ಕೌಶಲ ದೇವರ ವರ. ಅದು ಹೃದಯದ ವಿವೇಕಕ್ಕೆ ಬದಲಿಯಾಗಲಾರದು. ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ, ಬುದ್ಧಿ ಬೆಳೆಯದ ಮಕ್ಕಳಿದ್ದಾರೆ, ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಹೋಗಿಬರುವ ಬಂಧುಗಳಿದ್ದಾರೆ. ಅವರ ಸೇವೆ ಭಾರವೆನಿಸುವ ದಿನಗಳೂ ಬರುತ್ತವೆ. ಅಂಥ ದಿನಗಳಲ್ಲಿ, ಲೋಕವೇ ಮೆಚ್ಚಿದ ಈ ವೈದ್ಯರು ಎಡವಿದ್ದು ಎಲ್ಲಿ ಎಂಬುದನ್ನು ನೆನೆದು ಎಚ್ಚರವಾಗಿರೋಣ. ರೋಗಿಗಳ ಸ್ವಾಸ್ಥ್ಯವಾದ ಮಾತೆ ಮರಿಯಾ ವೈದ್ಯರ ಕೈಗಳನ್ನೂ ನಮ್ಮೆಲ್ಲರ ಮನಸ್ಸುಗಳನ್ನೂ ಕಾಯಲಿ.